ಕೆಂಚಿ ಜತೆ ಜರ್ಮನಿಗೆ: ಮೊದಲು ಚಿಪ್, ಆಮೇಲೆ ಇಂಜೆಕ್ಷನ್, ಕೊನೆಗೆ ಟಿಕೆಟ್

ನಮ್ಮ ಕೆಂಚಿ ಬೀದಿಯಲ್ಲಿ ಹುಟ್ಟಿದವಳು. ಒಂದು ಮಳೆಗಾಲದ ರಾತ್ರಿ ಬೆಂಗಳೂರಿನ ನಮ್ಮ ಮನೆ ಗೇಟಿನ ಕೆಳಗೆ ನುಸುಳಿ ಒಳಗೆ ಬಂದಳು. ಮತ್ತೆ ಹೊರಗೆ ಹೋಗಲಿಲ್ಲ. 17 ಕೆಜಿ ತೂಕ, ಕೆಂಚು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿದ್ದು. ಯಜಮಾನರಿಗೆ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಸಿಕ್ಕಿತು ಅಂದ ದಿನ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಬಾಡಿಗೆ ಮನೆಯದ್ದಲ್ಲ, ಕೆಂಚಿಯದ್ದು. "ಅದನ್ನ ಇಲ್ಲೇ ಬಿಟ್ಟು ಹೋಗಮ್ಮ, ನಾನು ನೋಡ್ಕೋತೀನಿ" ಅಂದರು ಅತ್ತೆ. ಅವರು ನೋಡಿಕೊಳ್ಳುತ್ತಿದ್ದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಕೆಂಚಿ ನಮ್ಮನ್ನು ಹುಡುಕುತ್ತಾ ಮತ್ತೆ ಗೇಟಿನ ಕೆಳಗೆ ನುಸುಳುತ್ತಿದ್ದಳು.

ಕರೆದುಕೊಂಡು ಹೋದೆವು. ಆದರೆ ಅಂದುಕೊಂಡಿದ್ದಕ್ಕಿಂತ ಐದು ವಾರ ತಡವಾಗಿ, ಟಿಕೆಟ್ ಬದಲಾಯಿಸಿದ ದಂಡವನ್ನೂ ಕಟ್ಟಿ. ಕಾರಣ ಒಂದೇ, ಎರಡು ತಾರೀಖು ಹಿಂದುಮುಂದಾಗಿದ್ದವು. ಯುರೋಪಿನ ನಿಯಮಗಳೇನೂ ಅಷ್ಟು ಕಷ್ಟವಲ್ಲ, ನಾಲ್ಕೈದು ಕೆಲಸ ಅಷ್ಟೇ. ಆದರೆ ಅವಕ್ಕೊಂದು ಸರದಿ ಇದೆ. ಸರದಿ ತಪ್ಪಿದರೆ ನಾಯಿ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಲೆಕ್ಕಕ್ಕಿಲ್ಲ. ಅದಕ್ಕೇ ಇಲ್ಲಿ ನಾನು ಕೆಲಸಗಳ ಜತೆಗೆ ತಾರೀಖುಗಳನ್ನೂ ಬಿಡಿಸಿ ಹೇಳುತ್ತೇನೆ. ಬೆಕ್ಕಿಗೂ ಹೆಚ್ಚುಕಡಿಮೆ ಇದೇ ನಿಯಮ.

ಇಷ್ಟೊಂದು ಯಾಕೆ ಕೇಳುತ್ತಾರೆ?

ರೇಬೀಸ್. ಎಲ್ಲವೂ ಸುತ್ತುವುದು ಇದೊಂದರ ಸುತ್ತ. ಜರ್ಮನಿಯಲ್ಲಿ 2008ರಿಂದ ನಾಯಿ, ನರಿಗಳ ರೇಬೀಸ್ ಇಲ್ಲ. ನಮ್ಮಲ್ಲಿ ಬೀದಿಬೀದಿಯಲ್ಲಿ ಅದರ ಭಯ ಇದೆ. ಯುರೋಪಿನ ಒಕ್ಕೂಟ ರೇಬೀಸ್ ಹತೋಟಿಯಲ್ಲಿರುವ ದೇಶಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ಭಾರತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅಮೆರಿಕದಿಂದ ಜರ್ಮನಿಗೆ ನಾಯಿ ತಂದ ನಿಮ್ಮ ಗೆಳೆಯರು "ಒಂದು ಇಂಜೆಕ್ಷನ್, ಒಂದು ಸರ್ಟಿಫಿಕೇಟ್, ಮುಗೀತು" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ನಮಗೆ ರಕ್ತ ಪರೀಕ್ಷೆಯೂ ಮೂರು ತಿಂಗಳ ಕಾಯುವಿಕೆಯೂ ಜಾಸ್ತಿ.

ಆ ಮೂರು ತಿಂಗಳು ಸುಮ್ನೆ ಸತಾಯಿಸೋಕೆ ಇಟ್ಟಿದ್ದಲ್ಲ. ರಕ್ತ ಪರೀಕ್ಷೆ ಇಂಜೆಕ್ಷನ್ ಹಿಡಿದಿದೆ ಅನ್ನುವುದನ್ನು ತೋರಿಸುತ್ತದೆ. ಆದರೆ ಇಂಜೆಕ್ಷನ್‌ಗಿಂತ ಮೊದಲೇ ನಾಯಿಗೆ ಸೋಂಕು ತಗುಲಿದ್ದರೆ? ರೇಬೀಸ್ ಮೈಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಕಾಯುವ ಆ ದಿನಗಳಲ್ಲಿ ಅದು ಹೊರಬೀಳಲಿ ಅಂತ.

ಮೊದಲ ಕೆಲಸ: ಮೈಕ್ರೋಚಿಪ್

ಅಕ್ಕಿಕಾಳಿಗಿಂತ ತುಸು ದೊಡ್ಡದು. ಭುಜಗಳ ನಡುವೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. 15 ಅಂಕಿಯ ನಂಬರ್ ಇರುವ, ಐಎಸ್‌ಒ 11784 ಮತ್ತು 11785 ಮಾದರಿಯ ಚಿಪ್ಪೇ ಬೇಕು ಅಂತ ಬಾಯಿಬಿಟ್ಟು ಕೇಳಿ. ಹಳೆಯ ಕಾಲದ 9 ಅಥವಾ 10 ಅಂಕಿಯ ಚಿಪ್ ಇದ್ದರೆ ಅಲ್ಲಿನ ಯಂತ್ರಕ್ಕೆ ಓದಲು ಬರದೆ ಹೋಗಬಹುದು. ಆಗ ಓದುವ ಯಂತ್ರವನ್ನು ನೀವೇ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಚಿಪ್ ಹಾಕಿದ ಕೂಡಲೇ ಸ್ಕ್ಯಾನರ್ ಇಟ್ಟು ಓದಿಸಿ. ಕಂಡ ನಂಬರ್, ಸ್ಟಿಕ್ಕರ್ ಮೇಲಿನ ನಂಬರ್, ನಾಯಿಯ ಲಸಿಕೆ ಪುಸ್ತಕದಲ್ಲಿ ಬರೆದ ನಂಬರ್, ಮೂರೂ ಒಂದೇನಾ ಅಂತ ಬೆರಳಿಟ್ಟು ನೋಡಿ. ಚಿಪ್ ಹಾಕಿದ ತಾರೀಖು ಬರೆಸಿ, ಸಹಿ ಮತ್ತು ಸೀಲು ಹಾಕಿಸಿ. ಉಳಿದ ಸ್ಟಿಕ್ಕರ್‌ಗಳನ್ನು ಬಿಸಾಡಬೇಡಿ. ಮುಂದೆ ಪ್ರತಿಯೊಂದು ಕಾಗದಕ್ಕೂ ಅಂಟಿಸಲು ಬೇಕು. ಕೈಯಲ್ಲಿ ಬರೆದರೆ 15 ಅಂಕಿಯಲ್ಲಿ ಒಂದು ತಪ್ಪೇ ತಪ್ಪುತ್ತದೆ.

ಎರಡನೆಯದು: ರೇಬೀಸ್ ಇಂಜೆಕ್ಷನ್. ನಾನು ಎಡವಿದ್ದು ಇಲ್ಲೇ

ನಿಯಮ ಹೀಗಿದೆ. ಚಿಪ್ ಹಾಕಿದ ದಿನ ಅಥವಾ ಅದರ ನಂತರ ಕೊಟ್ಟ ರೇಬೀಸ್ ಇಂಜೆಕ್ಷನ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೊದಲೇ ಕೊಟ್ಟಿದ್ದರೆ ಕೊಡದ ಹಾಗೇ. ಯಾಕೆ ಅಂದರೆ, ಚಿಪ್ ಇಲ್ಲದಿದ್ದಾಗ ಇಂಜೆಕ್ಷನ್ ತೆಗೆದುಕೊಂಡದ್ದು ಇದೇ ನಾಯಿ ಅನ್ನುವುದಕ್ಕೆ ಅವರ ಕಣ್ಣಿಗೆ ಗುರುತೇ ಇಲ್ಲ. ನಾಯಿಗೆ ಕನಿಷ್ಠ 12 ವಾರ ತುಂಬಿರಬೇಕು.

ಕೆಂಚಿಗೆ ಫೆಬ್ರವರಿ 10ರಂದು ರೇಬೀಸ್ ಇಂಜೆಕ್ಷನ್ ಆಯಿತು. ಆ ದಿನ ಕ್ಲಿನಿಕ್‌ನಲ್ಲಿ ಚಿಪ್ ಖಾಲಿಯಾಗಿತ್ತು. "ಬಂದ ತಕ್ಷಣ ಹಾಕೋಣ ಮೇಡಂ, ಏನೂ ತೊಂದ್ರೆ ಇಲ್ಲ" ಅಂದರು. ಫೆಬ್ರವರಿ 19ಕ್ಕೆ ಹಾಕಿದರು. ನಾನೂ ತಲೆಯಾಡಿಸಿ ಬಂದೆ. ಮಾರ್ಚ್ 14ರಂದು ರಕ್ತ ಕೊಡಲು ಬೇರೊಂದು ಕ್ಲಿನಿಕ್‌ಗೆ ಹೋದಾಗ ಅಲ್ಲಿನ ಡಾಕ್ಟರಮ್ಮ ಸೂಜಿ ಕೈಗೆತ್ತಿಕೊಳ್ಳುವ ಮೊದಲು ಪುಸ್ತಕ ತಿರುವಿದರು. ಒಂದು ಪುಟ ಮುಂದೆ, ಒಂದು ಪುಟ ಹಿಂದೆ. ಎರಡು ಸಲ.

"ಮೇಡಂ, ಚಿಪ್ ಆಮೇಲೆ ಹಾಕ್ಸಿದೀರಲ್ಲ?"

"ಒಂಬತ್ತು ದಿನ ಅಷ್ಟೇ ಡಾಕ್ಟ್ರೇ."

"ಒಂಬತ್ತು ದಿನ ಆದ್ರೂ ಅಷ್ಟೇ, ಒಂಬತ್ತು ವರ್ಷ ಆದ್ರೂ ಅಷ್ಟೇ. ಈ ಇಂಜೆಕ್ಷನ್ ಅವ್ರು ಲೆಕ್ಕಕ್ಕೆ ತಗೊಳಲ್ಲ."

ಅವರು ಚಿಪ್ ಓದಿ, ಆವತ್ತೇ ಹೊಸದಾಗಿ ರೇಬೀಸ್ ಇಂಜೆಕ್ಷನ್ ಕೊಟ್ಟರು. ರಕ್ತ ತೆಗೆಯಲಿಲ್ಲ. ನಮ್ಮ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಆವತ್ತು ಆಟೋದಲ್ಲಿ ವಾಪಸ್ ಬರುವಾಗ ಕೆಂಚಿ ಮಾತ್ರ ಖುಷಿಯಾಗಿದ್ದಳು, ತಲೆ ಹೊರಗೆ ಹಾಕಿ ಗಾಳಿ ಕುಡಿಯುತ್ತಾ. ಆ ಡಾಕ್ಟರಮ್ಮ ಪುಟ ತಿರುವದೆ ಇದ್ದಿದ್ದರೆ ಈ ತಪ್ಪು ಬೆಳಕಿಗೆ ಬರುತ್ತಿದ್ದದ್ದು ಫ್ರಾಂಕ್‌ಫರ್ಟ್‌ನಲ್ಲಿ.

ನಿಮ್ಮ ನಾಯಿಗೆ ವರ್ಷಗಳಿಂದ ತಪ್ಪದೆ ಇಂಜೆಕ್ಷನ್ ಆಗುತ್ತಿದ್ದು, ಚಿಪ್ ಇಲ್ಲದಿದ್ದರೆ ನಿಮ್ಮದೂ ಇದೇ ಕಥೆ. ಇವತ್ತು ಚಿಪ್, ಇವತ್ತೇ ಹೊಸ ಇಂಜೆಕ್ಷನ್. ಎರಡೂ ಒಂದೇ ಭೇಟಿಯಲ್ಲಿ ಆಗಬಹುದು. ಪುಸ್ತಕದಲ್ಲಿ ಚಿಪ್ ಮೊದಲು ಬರೆಯಿಸಿ. ಲಸಿಕೆಯ ಹೆಸರು, ತಯಾರಿಸಿದ ಕಂಪನಿ, ಬ್ಯಾಚ್ ನಂಬರ್, ಕೊಟ್ಟ ತಾರೀಖು, ಯಾವತ್ತಿನವರೆಗೆ ನಡೆಯುತ್ತದೆ ಅನ್ನುವ ತಾರೀಖು, ಇಷ್ಟೂ ಇರಲಿ. ಸೀಸೆಯ ಸ್ಟಿಕ್ಕರ್ ಅಂಟಿಸಿದರೆ ಅರ್ಧ ಕೆಲಸ ಅದರಲ್ಲೇ ಆಗುತ್ತದೆ. ಕೊನೆಯ ತಾರೀಖಂತೂ ಬಿಡಲೇಬೇಡಿ. ನಮ್ಮ ಕಡೆ ಎಷ್ಟೋ ಪುಸ್ತಕಗಳಲ್ಲಿ ಬರೀ "ಮುಂದಿನ ಡೋಸ್" ಅಂತ ಪೆನ್ಸಿಲ್‌ನಲ್ಲಿ ಗೀಚಿರುತ್ತಾರೆ.

ಮೂರನೆಯದು: ರಕ್ತ ಪರೀಕ್ಷೆ

ಇದಕ್ಕೆ ಎಲ್ಲರೂ ಟೈಟರ್ ಟೆಸ್ಟ್ ಅಂತಲೇ ಹೇಳುವುದು. ಇಂಜೆಕ್ಷನ್ ಆಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು. 29ನೇ ದಿನ ತೆಗೆದರೆ ಆ ದುಡ್ಡು ಹೋಯಿತು. ನಾನು ಎರಡು ಮೂರು ದಿನ ಜಾಸ್ತಿಯೇ ಬಿಟ್ಟೆ. ಹಾಗಂತ ತಿಂಗಳುಗಟ್ಟಲೆ ಬಿಡಬೇಡಿ, ಹೊತ್ತು ಕಳೆದಂತೆ ರಕ್ತದಲ್ಲಿನ ಪ್ರತಿಕಾಯ, ಅಂದರೆ ಇಂಜೆಕ್ಷನ್‌ನಿಂದ ಮೈ ತಯಾರಿಸಿಕೊಂಡ ರಕ್ಷಣೆ, ಇಳಿಯುತ್ತಾ ಹೋಗುತ್ತದೆ. ಟೈಟರ್ ಅಳೆಯುವುದು ಅದನ್ನೇ. ಬರಬೇಕಾದ ಅಂಕಿ ಪ್ರತಿ ಮಿಲಿಲೀಟರ್‌ಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಮೇಲೆ.

ಪರೀಕ್ಷೆ ಎಲ್ಲಿ ಮಾಡಿಸುತ್ತೀರಿ ಅನ್ನುವುದು ದೊಡ್ಡ ವಿಷಯ. ಯುರೋಪಿಯನ್ ಕಮಿಷನ್ ಒಪ್ಪಿದ ಲ್ಯಾಬುಗಳ ಪಟ್ಟಿ ಅವರದೇ ಜಾಲತಾಣದಲ್ಲಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಲ್ಯಾಬ್ ಎಷ್ಟೇ ದೊಡ್ಡದಾದರೂ ಆ ವರದಿ ನಡೆಯುವುದಿಲ್ಲ. ಫ್ರಾನ್ಸ್‌ನ ನ್ಯಾನ್ಸಿ ಊರಿನ ಬಳಿ ಇರುವ ಆನ್ಸೆಸ್ ಲ್ಯಾಬ್ ಈ ಪರೀಕ್ಷೆಗೆ ಇಡೀ ಯುರೋಪಿಗೆ ಮಾದರಿ ಇದ್ದ ಹಾಗೆ. ಕ್ಲಿನಿಕ್‌ನವರು "ನಾವು ಕಳಿಸ್ತೀವಿ ಬಿಡಿ" ಅಂದರೆ, ಎಲ್ಲಿಗೆ ಅಂತ ಕೇಳಿ, ಮನೆಗೆ ಬಂದು ಪಟ್ಟಿಯಲ್ಲಿ ಆ ಹೆಸರು ಹುಡುಕಿ. ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ.

ರಕ್ತ ಹಾಗೇ ಹೋಗುವುದಿಲ್ಲ. ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿಹಳದಿ ಸೀರಮ್ ಮಾತ್ರ ತೆಗೆದು ತಣ್ಣಗಿಟ್ಟು ಕಳಿಸುತ್ತಾರೆ. ಜತೆಗೆ ಹೋಗುವ ಫಾರಂನಲ್ಲಿ ಚಿಪ್ ನಂಬರ್, ಇಂಜೆಕ್ಷನ್ ತಾರೀಖು, ರಕ್ತ ತೆಗೆದ ತಾರೀಖು ಇರಬೇಕು. ರಕ್ತ ತೆಗೆಯುವ ಮುಂಚೆ ಚಿಪ್ ಓದಿಸಿ. ಫಾರಂ ಹೋಗುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ವರದಿಯಲ್ಲಿ ಅಂಕಿ ತಪ್ಪಿದ್ದರೆ ತಪ್ಪು ಎಲ್ಲಿಯದು ಅಂತ ಆಗ ತಿಳಿಯುತ್ತದೆ.

0.5ಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ. ಒಂದೇ ಡೋಸ್ ಆದ ಮರಿಗಳಲ್ಲಿ ಹೀಗಾಗುವುದುಂಟು. ಮತ್ತೊಂದು ಇಂಜೆಕ್ಷನ್, ಮತ್ತೆ 30 ದಿನ, ಮತ್ತೆ ರಕ್ತ. ಹೊರಡುವ ತಾರೀಖು ಅಷ್ಟು ಮುಂದಕ್ಕೆ.

ಕಾಯುವ ಮೂರು ತಿಂಗಳು

ಮೂರು ತಿಂಗಳನ್ನು ಎಣಿಸುವುದು ವರದಿ ಬಂದ ದಿನದಿಂದಲ್ಲ, ರಕ್ತ ತೆಗೆದ ದಿನದಿಂದ. ಇದು ನಮಗೆ ಒಳ್ಳೆಯದೇ. ವರದಿ ಬರಲು ಹಿಡಿಯುವ ವಾರಗಳು ಈ ಮೂರು ತಿಂಗಳ ಒಳಗೇ ಕಳೆಯುತ್ತವೆ.

ನಮ್ಮ ಲೆಕ್ಕ ಹೀಗಿತ್ತು. ಮಾರ್ಚ್ 14ಕ್ಕೆ ಇಂಜೆಕ್ಷನ್. ಏಪ್ರಿಲ್ 16ಕ್ಕೆ ರಕ್ತ. ಅಲ್ಲಿಂದ ಮೂರು ತಿಂಗಳು ಅಂದರೆ ಜುಲೈ 16. ಜುಲೈ 22ಕ್ಕೆ ಟಿಕೆಟ್. ಮೊದಲೇ ಸರಿಯಾಗಿ ಮಾಡಿದ್ದರೆ ಜೂನ್ ಮಧ್ಯಕ್ಕೆ ಹೋಗಿರುತ್ತಿದ್ದೆವು. ನೀವು ಕ್ಯಾಲೆಂಡರ್ ತೆಗೆದು ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ. ಹೊರಡುವ ದಿನಕ್ಕೆ ಕನಿಷ್ಠ ಐದು ತಿಂಗಳು ಮುಂಚೆ ಚಿಪ್ ಆಗಿರಬೇಕು, ಆರು ಇದ್ದರೆ ನಿದ್ದೆ ಬರುತ್ತದೆ. ಟಿಕೆಟ್ ಅಗ್ಗ ಇದೆ ಅಂತ ಮೊದಲೇ ತೆಗೆಯಬೇಡಿ. ಟೈಟರ್ ವರದಿ ಕೈಗೆ ಬರಲಿ.

ಇನ್ನೊಂದು ಮಾತು. ಈ ನಡುವೆ ರೇಬೀಸ್ ಇಂಜೆಕ್ಷನ್‌ನ ಅವಧಿ ಮುಗಿಯಕೂಡದು. ಒಂದು ದಿನ ತಪ್ಪಿದರೂ ಟೈಟರ್ ವರದಿ ಸತ್ತ ಹಾಗೆ. ಅವಧಿ ಮುಗಿಯುವ ಮೊದಲೇ ಬೂಸ್ಟರ್ ಕೊಡಿಸುತ್ತಾ ಹೋದರೆ ಅದೇ ವರದಿ ನಾಯಿಯ ಜೀವಮಾನವಿಡೀ ನಡೆಯುತ್ತದೆ.

ಆ ಮೂರು ತಿಂಗಳಲ್ಲಿ ಬೋನಿನ ಅಭ್ಯಾಸ

ಸುಮ್ಮನೆ ಕೂರುವ ಕಾಲವಲ್ಲ ಇದು. ವಿಮಾನದ ಬೋನು, ಅದನ್ನು ಎಲ್ಲರೂ ಕ್ರೇಟ್ ಅನ್ನುತ್ತಾರೆ, ಈಗಲೇ ತನ್ನಿ. ವಿಮಾನದವರ ಸಂಘ ಐಯಾಟಾ ಇದರ ಅಳತೆ ಗೊತ್ತು ಮಾಡಿದೆ. ನಾಯಿಯನ್ನು ನಿಲ್ಲಿಸಿ ನಾಲ್ಕು ಅಳತೆ ತೆಗೆಯಿರಿ. ಮೂಗಿನ ತುದಿಯಿಂದ ಬಾಲದ ಬುಡಕ್ಕೆ, ನೆಲದಿಂದ ಮುಂಗಾಲಿನ ಮೊಣಕೈಗೆ, ಭುಜದ ಅಗಲ, ನೆಲದಿಂದ ನೆತ್ತಿ ಅಥವಾ ಕಿವಿ ತುದಿಗೆ, ಯಾವುದು ಎತ್ತರವೋ ಅದು. ಮೊದಲನೆಯದಕ್ಕೆ ಎರಡನೆಯದರ ಅರ್ಧ ಸೇರಿಸಿದರೆ ಕ್ರೇಟಿನ ಉದ್ದ. ಭುಜದ ಎರಡರಷ್ಟು ಅಗಲ. ಕೊನೆಯದು ಎತ್ತರ, ಹಾಸಿಗೆಯ ದಪ್ಪ ಬೇರೆ ಸೇರಿಸಬೇಕು. ಇವೆಲ್ಲ ಒಳಗಿನ ಅಳತೆ.

ಕೆಂಚಿಯದು 70, 28, 20, 58 ಸೆಂಟಿಮೀಟರ್ ಬಂತು. ಅಂದರೆ ಉದ್ದ 84, ಅಗಲ 40, ಎತ್ತರ 58ರ ಮೇಲೆ. ಅಂಗಡಿಯವನು "ಇದು ಸಾಕು ಮೇಡಂ" ಅಂತ ಕೊಟ್ಟದ್ದು 81 ಸೆಂಟಿಮೀಟರ್ ಉದ್ದದ್ದು. ಮೂರೇ ಸೆಂಟಿಮೀಟರ್ ಅಲ್ವಾ ಅನ್ನಿಸುತ್ತದೆ. ಆದರೆ ಕಾರ್ಗೋ ಕೌಂಟರ್‌ನಲ್ಲಿ ನಾಯಿ ಒಳಗೆ ನಿಂತು ತಿರುಗಿದಾಗ ಕಿವಿ ಮೇಲೆ ತಾಗಿದರೆ, ಮೂಗು ಬಾಗಿಲಿಗೆ ಒತ್ತಿದರೆ ಹತ್ತಿಸುವುದಿಲ್ಲ. ಒಂದು ಸೈಜ್ ದೊಡ್ಡದು ತೆಗೆದುಕೊಂಡೆ. ಪಗ್, ಬುಲ್‌ಡಾಗ್‌ನಂತಹ ಚಪ್ಪಟೆ ಮೂತಿಯವಕ್ಕೆ ಇನ್ನೂ 10 ಪರ್ಸೆಂಟ್ ದೊಡ್ಡದು ಬೇಕು. ಅವನ್ನು ಕೆಲವು ವಿಮಾನಗಳು ಹತ್ತಿಸಿಕೊಳ್ಳುವುದೇ ಇಲ್ಲ, ಸೆಕೆಗಾಲದಲ್ಲಿ ಉಸಿರಾಟದ ತೊಂದರೆ ಅಂತ. ಇದನ್ನು ಎಲ್ಲಕ್ಕಿಂತ ಮೊದಲು ವಿಚಾರಿಸಿ.

ನಾಲ್ಕೂ ಕಡೆ ಗಾಳಿಕಿಂಡಿ, ಮೇಲೆ ಕೆಳಗೆ ಜೋಡಿಸಲು ಪ್ಲಾಸ್ಟಿಕ್ ಕ್ಲಿಪ್ ಬದಲು ಲೋಹದ ನಟ್ಟು ಬೋಲ್ಟು, ಹೊರಗಿನಿಂದಲೇ ನೀರು ಸುರಿಯಲು ಬರುವ ಬಟ್ಟಲು, ಚಕ್ರ ಇದ್ದರೆ ಕಿತ್ತಿರಬೇಕು. ಒಳಗೆ ಏನು ಹಾಸಬೇಕು ಅಂತ ನಾನು ದುಬಾರಿ ಚಾಪೆಗಳನ್ನೆಲ್ಲ ನೋಡಿದೆ. ಕೊನೆಗೆ ಹಾಸಿದ್ದು ಅತ್ತೆಯ ಹಳೇ ಹತ್ತಿ ಸೀರೆ, ನಾಲ್ಕು ಮಡಿಕೆ ಮಾಡಿ. ಮೊದಲ ವಾರ ಕೆಂಚಿ ಕ್ರೇಟಿನ ಹತ್ತಿರವೂ ಸುಳಿಯಲಿಲ್ಲ. ಬಾಗಿಲು ಕಳಚಿಟ್ಟು, ರಾಗಿ ಮುದ್ದೆಗೆ ಕೋಳಿ ಸಾರು ಬೆರೆಸಿ ಒಳಗಿನ ಮೂಲೆಯಲ್ಲಿ ಇಟ್ಟೆ. ಮೊದಲು ಕತ್ತು, ಆಮೇಲೆ ಮುಂಗಾಲು, ಹತ್ತನೇ ದಿನ ಪೂರ್ತಿ ಮೈ. ತಿಂಗಳು ಕಳೆಯುವಷ್ಟರಲ್ಲಿ ಮಧ್ಯಾಹ್ನದ ನಿದ್ದೆ ಅಲ್ಲೇ. ಆಮೇಲೆ ಬಾಗಿಲು ಹಾಕಿ ಐದು ನಿಮಿಷ, ಅರ್ಧ ಗಂಟೆ, ಎರಡು ಗಂಟೆ.

ನಿದ್ದೆ ಮಾತ್ರೆ ಕೊಡಬೇಡಿ. ಮೇಲೆ ಹಾರುವಾಗ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಮಂಕಾದ ನಾಯಿಯನ್ನು ಹತ್ತಿಸಿಕೊಳ್ಳಲು ವಿಮಾನದವರೂ ಒಪ್ಪುವುದಿಲ್ಲ.

ವಿಮಾನದಲ್ಲಿ ಎಲ್ಲಿ?

ಮೂರು ದಾರಿ. ಚಿಕ್ಕ ನಾಯಿ, ಬೆಕ್ಕಾದರೆ ನಿಮ್ಮ ಕಾಲ ಬುಡದಲ್ಲಿ. ಲುಫ್ತಾನ್ಸಾದಲ್ಲಿ ಚೀಲವೂ ಸೇರಿ 8 ಕೆಜಿ ಮಿತಿ. ಸ್ವಲ್ಪ ದೊಡ್ಡದಾದರೆ ನಿಮ್ಮ ಟಿಕೆಟ್ ಮೇಲೆಯೇ ಹೆಚ್ಚುವರಿ ಬ್ಯಾಗೇಜ್ ಆಗಿ ವಿಮಾನದ ಹೊಟ್ಟೆಯೊಳಗೆ. ಇಲ್ಲದಿದ್ದರೆ ಕಾರ್ಗೋ. ಈ ಕೊನೆಯ ಎರಡರಲ್ಲೂ ನಾಯಿ ಇರುವುದು ಒಂದೇ ಜಾಗದಲ್ಲಿ, ಗಾಳಿ ಒತ್ತಡವೂ ಬಿಸಿಯೂ ಹದವಾಗಿರುವ ಕೋಣೆಯಲ್ಲಿ. ಬದಲಾಗುವುದು ಕಾಗದ ಮತ್ತು ಬಿಲ್ಲು.

ಬಿಲ್ಲಿನ ಲೆಕ್ಕ ಗೊತ್ತಿಲ್ಲದೆ ಎದೆ ಧಸಕ್ ಅನ್ನುವವರೇ ಜಾಸ್ತಿ. ಕಾರ್ಗೋದಲ್ಲಿ ತೂಕ ಅಂದರೆ ನಾಯಿಯ ತೂಕವಲ್ಲ, ಕ್ರೇಟಿನ ಗಾತ್ರದ ತೂಕ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಕೆಂಚಿಯ ಕ್ರೇಟು ಹೊರಗಿನಿಂದ 91, 61, 68. ಲೆಕ್ಕ ಹಾಕಿದರೆ 63 ಕೆಜಿ. 17 ಕೆಜಿ ನಾಯಿಗೆ 63 ಕೆಜಿಯ ಬಾಡಿಗೆ. ಹಾಗಂತ ದುಡ್ಡು ಉಳಿಸಲು ಕ್ರೇಟ್ ಚಿಕ್ಕದು ಮಾಡುವ ಹಾಗಿಲ್ಲ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ನೇರ ವಿಮಾನ ಇವೆ. ನೇರವಾಗಿ ಹೋಗುವುದೇ ಲೇಸು. ನಡುವೆ ಬೇರೆ ದೇಶದಲ್ಲಿ ಇಳಿದು ಹತ್ತಿದರೆ ಅಲ್ಲಿನ ನಿಯಮ ಬೇರೆ ತಲೆಗೆ ಬೀಳುತ್ತದೆ. ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋದರೆ ಯುರೋಪಿಗೆ ಕಾಲಿಡುವ ಮೊದಲ ಊರೇ ಅದು, ತಪಾಸಣೆಯೂ ಅಲ್ಲೇ. ಸರ್ಕಾರಿ ಡಾಕ್ಟರ್ ಸಹಿ ಹಾಕಿಕೊಡುವ ಆರೋಗ್ಯ ಪತ್ರವೂ ಆ ದೇಶದ ಭಾಷೆಯಲ್ಲಿರಬೇಕು. ಜರ್ಮನ್‌ನಲ್ಲಿ ಪತ್ರ ಮಾಡಿಸಿ ಪ್ಯಾರಿಸ್‌ನಲ್ಲಿ ಇಳಿದರೆ ತೊಂದರೆ.

ಐಯಾಟಾ ನಿಯಮದ ಜತೆಗೆ ಆ ವಿಮಾನ ಸಂಸ್ಥೆಯ ಸ್ವಂತ ನಿಯಮವೂ ಇರುತ್ತದೆ. ಒಂದೊಂದು ವಿಮಾನದಲ್ಲಿ ಇಷ್ಟೇ ಪ್ರಾಣಿ ಅಂತ ಮಿತಿ ಇರುವುದರಿಂದ ಟಿಕೆಟ್ ತೆಗೆದ ದಿನವೇ ನಾಯಿಯ ಜಾಗವನ್ನೂ ಬರಹದಲ್ಲಿ ಖಾತ್ರಿ ಮಾಡಿಸಿ.

ಕೊನೆಯ ಹತ್ತು ದಿನ

ಇಲ್ಲಿಂದ ಕೆಲಸ ಸರ್ಕಾರಿ ಡಾಕ್ಟರರದ್ದು. ಕೇಂದ್ರದ ಪಶುಸಂಗೋಪನಾ ಇಲಾಖೆಯ ಕೈಕೆಳಗೆ ಪ್ರಾಣಿ ಸಂಪರ್ಕ ತಡೆ ಮತ್ತು ದೃಢೀಕರಣ ಕಚೇರಿ ಇದೆ. ಎಲ್ಲರ ಬಾಯಲ್ಲಿ ಅದು ಎಕ್ಯೂಸಿಎಸ್. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್, ಬೆಂಗಳೂರು ಹೀಗೆ ಆರು ಕಡೆ. ಬೆಂಗಳೂರಿನದ್ದು ಹೆಸರಘಟ್ಟದಲ್ಲಿ. ಮಂಗಳೂರು, ಹುಬ್ಬಳ್ಳಿ ಕಡೆಯವರು ಈ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆರೋಗ್ಯ ಪತ್ರ ಸಹಿಯಾದ ದಿನದಿಂದ 10 ದಿನದೊಳಗೆ ನಾಯಿ ಯುರೋಪಿನ ಗಡಿಯಲ್ಲಿ ತಪಾಸಣೆಗೆ ಬಂದಿರಬೇಕು. ಹಾಗಾಗಿ ತೀರಾ ಮೊದಲು ಮಾಡಿಸುವಂತಿಲ್ಲ, ತೀರಾ ಕೊನೆಗೂ ಬಿಡುವಂತಿಲ್ಲ. ಹೊರಡುವುದಕ್ಕೆ ನಾಲ್ಕೈದು ದಿನ ಮುಂಚೆ ಅಂದರೆ ಹದ. ನಡುವೆ ಹಬ್ಬ, ಎರಡನೇ ಶನಿವಾರ ಬರುತ್ತಾ ನೋಡಿ. ನಾಲ್ಕು ದಿನದ ಸಾಲು ರಜೆಯಲ್ಲಿ ಸಹಿ ಹಾಕುವವರು ಯಾರೂ ಸಿಗುವುದಿಲ್ಲ.

ಹೋಗುವಾಗ ಒಯ್ಯಬೇಕಾದ್ದು: ಲಸಿಕೆ ಪುಸ್ತಕ, ಚಿಪ್ ಪತ್ರ, ಟೈಟರ್ ವರದಿಯ ಮೂಲ ಪ್ರತಿ, ನಿಮ್ಮ ಡಾಕ್ಟರ್ ಕೊಟ್ಟ ಆರೋಗ್ಯದ ಚೀಟಿ, ಪಾಸ್‌ಪೋರ್ಟ್, ವೀಸಾ, ಟಿಕೆಟ್. ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್. ನಾಯಿಯೂ ಬರಬೇಕು. ಯುರೋಪಿನ ಪತ್ರದ ನಮೂನೆ ಇಂಗ್ಲಿಷ್ ಮತ್ತು ಜರ್ಮನ್ ಎರಡೂ ಇರುವುದನ್ನು ನೀವೇ ಇಳಿಸಿಕೊಂಡು, ಟೈಪ್ ಮಾಡಿ ತುಂಬಿ ಒಯ್ದರೆ ಕೆಲಸ ಬೇಗ ಆಗುತ್ತದೆ.

ಸಹಿಯಾದ ಮೇಲೆ ಕೌಂಟರ್ ಬಿಡುವ ಮೊದಲು ಅಲ್ಲೇ ಕೂತು ಓದಿ. ಸಹಿಯೂ ಸೀಲೂ ಅಚ್ಚಿನ ಬಣ್ಣಕ್ಕಿಂತ ಬೇರೆ ಬಣ್ಣದಲ್ಲಿರಬೇಕು. ಅಂದರೆ ಕಪ್ಪು ಅಚ್ಚಿಗೆ ನೀಲಿ ಇಂಕು. ಅನ್ವಯಿಸದ ಸಾಲುಗಳನ್ನು ಹೊಡೆದುಹಾಕಿದ್ದಾರಾ, ಹೊಡೆದ ಕಡೆ ಸಹಿ ಮತ್ತು ಸೀಲು ಇದೆಯಾ, ಚಿಪ್‌ನ 15 ಅಂಕಿ ಸರಿ ಇವೆಯಾ ನೋಡಿ. ಚಿಪ್ ತಾರೀಖು ಇಂಜೆಕ್ಷನ್ ತಾರೀಖಿಗಿಂತ ಮುಂಚಿನದಾ ಅಂತ ನಾನು ಮೂರು ಸಲ ನೋಡಿದೆ. ಸುಟ್ಟುಕೊಂಡವಳಲ್ಲವೇ.

ಪತ್ರದ ಜತೆಗೆ ನೀವು ಸಹಿ ಹಾಕುವ ಒಂದು ಹೇಳಿಕೆ ಇರುತ್ತದೆ. ನಾಯಿಯನ್ನು ಮಾರಲು ಅಥವಾ ಬೇರೆಯವರಿಗೆ ಕೊಡಲು ಒಯ್ಯುತ್ತಿಲ್ಲ ಅಂತ. ನೀವೂ ನಾಯಿಯೂ ಒಂದೇ ವಿಮಾನದಲ್ಲಿ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಹಿಂದೆ ಮುಂದೆ ಐದು ದಿನದೊಳಗೆ ಇರಬೇಕು. ಬೇರೆಯವರು ಕರೆದುಕೊಂಡು ಹೋಗುತ್ತಿದ್ದರೆ ಅವರಿಗೆ ನೀವು ಬರಹದಲ್ಲಿ ಒಪ್ಪಿಗೆ ಕೊಟ್ಟಿರಬೇಕು. ಐದು ದಿನ ದಾಟಿದರೆ ಅದು ವ್ಯಾಪಾರದ ಸಾಗಣೆಯ ಲೆಕ್ಕಕ್ಕೆ ಹೋಗಿ ನಿಯಮವೆಲ್ಲ ಬೇರೆಯಾಗುತ್ತದೆ.

ಐರ್ಲೆಂಡ್, ಫಿನ್‌ಲೆಂಡ್, ಮಾಲ್ಟಾ, ನಾರ್ವೆಗೆ ನಾಯಿ ಒಯ್ಯುವವರಿಗೆ ಇನ್ನೊಂದು ಕೆಲಸ ಇದೆ. ಲಾಡಿಹುಳದ ಮಾತ್ರೆ. ಅಲ್ಲಿ ಇಳಿಯುವುದಕ್ಕೆ 24 ಗಂಟೆಗಿಂತ ಮೊದಲು, 120 ಗಂಟೆಯ ಒಳಗೆ ಡಾಕ್ಟರೇ ಕೊಟ್ಟು, ಗಂಟೆಯನ್ನೂ ಬರೆದಿರಬೇಕು. ಜರ್ಮನಿಗೆ ಇದು ಬೇಡ.

ಹೊರಡುವ ದಿನ

ಊಟ ನಾಲ್ಕಾರು ಗಂಟೆ ಮೊದಲು, ಹಗುರವಾಗಿ. ನೀರು ಕೊನೆಯವರೆಗೆ. ಚೆನ್ನಾಗಿ ನಡೆದಾಡಿಸಿ. ಕ್ರೇಟಿನ ಮೇಲೆ "ಜೀವಂತ ಪ್ರಾಣಿ" ಅನ್ನುವ ಹಸಿರು ಚೀಟಿ, ಮೇಲ್ಮುಖ ಬಾಣ, ನಿಮ್ಮ ಹೆಸರು, ಎರಡೂ ದೇಶದ ಫೋನ್ ನಂಬರ್. ಕಾಗದದ ಒಂದು ಕಟ್ಟು ಕ್ರೇಟಿಗೆ, ಮೂಲ ಪ್ರತಿಗಳು ಕೈಚೀಲದಲ್ಲಿ.

ನಾಯಿಯ ಊಟ ಅಂತ ಮಾಂಸದ ತಿನಿಸು ಕಟ್ಟಿಕೊಳ್ಳಬೇಡಿ. ಯುರೋಪಿನ ಒಕ್ಕೂಟದ ಹೊರಗಿನಿಂದ ಹೋಗುವವರು ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅಮ್ಮ ಕಾಯಿಸಿಕೊಟ್ಟ ತುಪ್ಪದ ಡಬ್ಬಿಯೂ ಅದರಲ್ಲಿ ಸೇರಿತು. ಕೆಂಚಿ ಹೋಗಬಹುದು, ತುಪ್ಪ ಹೋಗುವಂತಿಲ್ಲ ಅಂದಾಗ ಅಮ್ಮನಿಗೆ ಅದು ನ್ಯಾಯ ಅನ್ನಿಸಲೇ ಇಲ್ಲ.

ಫ್ರಾಂಕ್‌ಫರ್ಟ್‌ನಲ್ಲಿ ಕಾರ್ಗೋ ಪ್ರಾಣಿಗಳಿಗೆ ಅಂತಲೇ ಅನಿಮಲ್ ಲೌಂಜ್ ಅನ್ನುವ ಕಟ್ಟಡ ಇದೆ. ಕುದುರೆ, ಮೀನು, ನಾಯಿ ಎಲ್ಲ ಅಲ್ಲಿಗೇ ಬರುತ್ತವೆ. ಗಡಿಯ ಪಶುವೈದ್ಯರು ಸ್ಕ್ಯಾನರ್ ಇಟ್ಟು ಚಿಪ್ ಓದಿದರು, ಕಾಗದದ ಅಂಕಿಗೆ ಹೋಲಿಸಿದರು, ಪೆನ್ನಿನ ತುದಿಯನ್ನು ಚಿಪ್, ಇಂಜೆಕ್ಷನ್, ರಕ್ತ ಹೀಗೆ ತಾರೀಖುಗಳ ಮೇಲೆ ಸಾಲಾಗಿ ಇಳಿಸಿದರು. ಸೀಲು ಬಿತ್ತು. ಕೆಂಚಿಯ ಮುಖವನ್ನು ಅವರು ನೋಡಿದ್ದು ಆಮೇಲೆ.

ನಾಯಿ ನಿಮ್ಮ ಜತೆಗೇ ಬಂದಿದ್ದರೆ ವಿಮಾನ ನಿಲ್ದಾಣದಲ್ಲಿ ಹಸಿರು ದಾರಿ ಹಿಡಿಯಬೇಡಿ. ಕೆಂಪು ದಾರಿಯಲ್ಲಿ ಹೋಗಿ ಕಸ್ಟಮ್ಸ್‌ನವರಿಗೆ ತಿಳಿಸಬೇಕು. ಕಾಗದ ಸರಿ ಇಲ್ಲದಿದ್ದರೆ ಅವರ ಮುಂದಿರುವ ದಾರಿ ಮೂರು. ವಾಪಸ್ ಕಳಿಸುವುದು, ನಿಮ್ಮ ಖರ್ಚಿನಲ್ಲಿ ಕೂಡಿಹಾಕುವುದು, ಎರಡೂ ಆಗದಿದ್ದರೆ ಕೊಲ್ಲುವುದು. ಕೊನೆಯದು ತೀರಾ ಅಪರೂಪ, ಆದರೆ ಕಾನೂನಿನಲ್ಲಿ ಇದೆ.

ತಳಿಯ ವಿಷಯವನ್ನೂ ಮೊದಲೇ ನೋಡಿಕೊಳ್ಳಿ. ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಟೆರಿಯರ್, ಸ್ಟ್ಯಾಫರ್ಡ್‌ಶೈರ್ ಬುಲ್ ಟೆರಿಯರ್, ಬುಲ್ ಟೆರಿಯರ್ ಈ ನಾಲ್ಕನ್ನು, ಇವುಗಳ ಬೆರಕೆಯನ್ನು ಜರ್ಮನಿಗೆ ತರುವಂತಿಲ್ಲ. ರಾಜ್ಯರಾಜ್ಯಕ್ಕೂ ಇನ್ನಷ್ಟು ತಳಿಗಳ ಪಟ್ಟಿ ಇವೆ. ಬೀದಿ ನಾಯಿಯಾದರೆ ಪತ್ರದಲ್ಲಿ ತಳಿಯ ಜಾಗದಲ್ಲಿ ಬೆರಕೆ ಅಂತ ಬರೆಯುತ್ತಾರೆ. ಅದರಿಂದ ಏನೂ ತೊಂದರೆ ಇಲ್ಲ.

ಬೇರೆ ದೇಶಗಳಾದರೆ

ಅಮೆರಿಕಕ್ಕೆ 2024ರ ಆಗಸ್ಟ್ 1ರಿಂದ ನಿಯಮ ಬಿಗಿಯಾಗಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು. ಚಿಪ್ ಬೇಕು. ಭಾರತ ಅವರ ಅಪಾಯದ ಪಟ್ಟಿಯಲ್ಲಿ ಇರುವುದರಿಂದ, ಇಲ್ಲಿ ಇಂಜೆಕ್ಷನ್ ಆದ ನಾಯಿಗೆ ಸರ್ಕಾರಿ ಡಾಕ್ಟರ್ ಸಹಿಯ ಫಾರಂ ಬೇಕು, ಟೈಟರ್ ಬೇಕು, ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಒಪ್ಪಿದ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮುಂಗಡ ಬುಕಿಂಗ್ ಬೇಕು. ಇಳಿಯುವುದೂ ಆ ಕೇಂದ್ರ ಇರುವ ಊರಿನಲ್ಲೇ. ಟೈಟರ್ ಇಲ್ಲದಿದ್ದರೆ 28 ದಿನ ಅಲ್ಲೇ ಕೂಡಿಹಾಕುತ್ತಾರೆ. ಬ್ರಿಟನ್‌ಗೆ ಚಿಪ್, ಇಂಜೆಕ್ಷನ್, ಟೈಟರ್, ಮೂರು ತಿಂಗಳು ಎಲ್ಲ ಯುರೋಪಿನಂತೆಯೇ, ಜತೆಗೆ ಲಾಡಿಹುಳದ ಮಾತ್ರೆ. ಪತ್ರದ ನಮೂನೆ ಬೇರೆ. ವಿಮಾನದಲ್ಲಿ ಹೋದರೆ ಸಾಕುನಾಯಿ ಕಾರ್ಗೋದಲ್ಲೇ ಹೋಗಬೇಕು, ಕ್ಯಾಬಿನ್‌ನಲ್ಲಿ ಬಿಡುವುದಿಲ್ಲ.

ಜಪಾನಿಗೆ ಕಾಯುವುದು ಮೂರು ತಿಂಗಳಲ್ಲ, 180 ದಿನ. ಬರುವ ಸುದ್ದಿಯನ್ನೂ 40 ದಿನ ಮುಂಚೆ ತಿಳಿಸಬೇಕು. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರವಾಗಿ ನಾಯಿ ಒಯ್ಯುವಂತೆಯೇ ಇಲ್ಲ. ಅವರು ಒಪ್ಪುವ ಇನ್ನೊಂದು ದೇಶದಲ್ಲಿದ್ದು ಅಲ್ಲಿಂದ ಹೋಗಬೇಕು. ದುಬೈ ಕಡೆಗಾದರೆ ಮೊದಲು ಅಲ್ಲಿನ ಆಮದು ಪರ್ಮಿಟ್, ಆಮೇಲೆ ಉಳಿದದ್ದು.

ಅಲ್ಲಿ ಇಳಿದ ಮೇಲೆ

ಹತ್ತಿರದ ಪಶುವೈದ್ಯರ ಬಳಿ ಹೋಗಿ ಯುರೋಪಿನ ಪೆಟ್ ಪಾಸ್‌ಪೋರ್ಟ್ ಮಾಡಿಸಿ. ನೀಲಿ ಪುಸ್ತಕ. ಭಾರತದಿಂದ ತಂದ ಆರೋಗ್ಯ ಪತ್ರ ಒಕ್ಕೂಟದ ಒಳಗಿನ ಓಡಾಟಕ್ಕೆ ಕೆಲವು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಈ ಪುಸ್ತಕವೇ ಗತಿ. ಊರ ಪಾಲಿಕೆಯಲ್ಲಿ ನಾಯಿ ತೆರಿಗೆ ಕಟ್ಟಬೇಕು. ಹೌದು, ನಾಯಿಗೂ ತೆರಿಗೆ. ಊರೂರಿಗೆ ಬೇರೆ ದರ, ಬರ್ಲಿನ್‌ನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ. ಅಲ್ಲಿ ಮತ್ತು ಇನ್ನು ಕೆಲವು ರಾಜ್ಯಗಳಲ್ಲಿ ನಾಯಿ ಯಾರಿಗಾದರೂ ಕಚ್ಚಿ ನಷ್ಟ ಮಾಡಿದರೆ ಅಂತ ವಿಮೆಯೂ ಕಡ್ಡಾಯ. ಚಿಪ್ ನಂಬರನ್ನು ಟಾಸ್ಸೊ ಅನ್ನುವ ದಾಖಲೆಯಲ್ಲಿ ಸೇರಿಸಿ. ಅದು ಉಚಿತ. ಹೊಸ ಊರಿನಲ್ಲಿ ಪಟಾಕಿ ಸದ್ದಿಗೆ ಬೆದರಿ ಓಡಿಹೋದರೆ ಮನೆ ಸೇರಿಸುವುದು ಅದೇ.

ವರ್ಷಕ್ಕೊಮ್ಮೆ ಊರಿಗೆ ಬರುವಾಗ ನಾಯಿಯನ್ನೂ ಕರೆತರುವ ಆಸೆ ಇದ್ದರೆ, ಭಾರತಕ್ಕೆ ತರಲು ಎಕ್ಯೂಸಿಎಸ್‌ನ ಒಪ್ಪಿಗೆ ಪತ್ರವನ್ನು ಮೊದಲೇ ಪಡೆಯಬೇಕು. ಅದರ ಜತೆಗೆ ಜರ್ಮನಿ ಬಿಡುವ ಮುಂಚೆಯೇ ಟೈಟರ್ ಫಲಿತಾಂಶವನ್ನು ಅಲ್ಲಿನ ಡಾಕ್ಟರಿಂದ ಪಾಸ್‌ಪೋರ್ಟಿನಲ್ಲಿ ಬರೆಸಿಟ್ಟುಕೊಳ್ಳಿ. ಬರೆಸಿದ್ದರೆ ವಾಪಸ್ ಹೋಗುವಾಗ ಮೂರು ತಿಂಗಳು ಕಾಯಬೇಕಾಗಿಲ್ಲ.

ನಮ್ಮ ಫ್ರಿಜ್ಜಿನ ಮೇಲೆ ಈಗ ಒಂದೇ ಚೀಟಿ ಅಂಟಿಸಿದೆ. ಕೆಂಚಿಯ ಮುಂದಿನ ಬೂಸ್ಟರ್, ಮಾರ್ಚ್ 13ರ ಒಳಗೆ. ಅದಕ್ಕೆ ಎರಡು ವಾರ ಮುಂಚಿನ ತಾರೀಖನ್ನು ಡಾಕ್ಟರ್ ಬಳಿ ಆಗಲೇ ಬರೆಸಿಬಿಟ್ಟಿದ್ದೇನೆ.